ಸೊನ್ನೆ ಟಿಕೆಟ್ಟಿಗೂ ಲೆಕ್ಕ ಉಂಟು, ಅಂಗಡಿಯ ಜಾಹೀರಾತಿಗೇಕೆ ಇಲ್ಲ?

ದಾವಣಗೆರೆ: ಹರಿಹರದಿಂದ ಬರುವ ಸರ್ಕಾರಿ ಬಸ್ಸಿನಲ್ಲಿ ಮೊನ್ನೆ ಒಬ್ಬ ಅಜ್ಜಿ ಕಂಡಕ್ಟರನ್ನು ತರಾಟೆಗೆ ತೆಗೆದುಕೊಂಡಿದ್ದರು. “ದುಡ್ಡೇ ತಗೊಳ್ಳದ ಮ್ಯಾಲೆ ಈ ಚೀಟಿ ಯಾಕಪ್ಪಾ ಹರೀತಿ? ಕಾಗದ ದಂಡ!” ಎಂಬುದು ಅಜ್ಜಿಯ ವಾದ. ಕಂಡಕ್ಟರ್ ಮಹಾಶಯರು ಮಿಷನ್ನಿನ ಗುಂಡಿ ಒತ್ತುತ್ತಲೇ ಹೇಳಿದರು: “ಅಜ್ಜೀ, ಈ ಚೀಟಿ ಹರಿದ್ರೇನೇ ನೀನು ಬಸ್ ಹತ್ತಿದ್ದು ಸರ್ಕಾರಕ್ಕೆ ಗೊತ್ತಾಗೋದು. ಇಲ್ಲಾಂದ್ರೆ ನೀನು ಬಸ್ಸಿನಾಗೆ ಇಲ್ಲ ಅಂತ್ಲೇ ಲೆಕ್ಕ!”

ಬಸ್ಸಿಗೆ ಬಸ್ಸೇ ನಕ್ಕಿತು. ಆದರೆ ಅದು ನಕ್ಕು ಬಿಟ್ಟುಬಿಡುವ ಮಾತಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಾಗಿನಿಂದ ಹೆಣ್ಣುಮಕ್ಕಳಿಗೆ ಕೊಟ್ಟ ಸೊನ್ನೆ ಟಿಕೆಟ್ಟುಗಳ ಲೆಕ್ಕದ ಮೇಲೆಯೇ ಸಾರಿಗೆ ನಿಗಮವು ಸರ್ಕಾರದಿಂದ ಹಣ ಕೇಳಬೇಕು. ಹಣ ಬಾರದ ಟಿಕೆಟ್ಟಿಗೂ ಲೆಕ್ಕವಿದೆ ಎಂದಾಯಿತು. ಹಾಗಾದರೆ ಬಸ್ ಇಳಿದು ಪೇಟೆಯೊಳಗೆ ಕಾಲಿಟ್ಟರೆ ಅಲ್ಲೇನಿದೆ? ಸಾವಿರಗಟ್ಟಲೆ ರೂಪಾಯಿ ಸುರಿದು ಮಾಡುವ ಜಾಹೀರಾತಿಗೆ ಯಾರಾದರೂ ಲೆಕ್ಕ ಇಟ್ಟಿದ್ದಾರೆಯೇ? ಈ ಪ್ರಶ್ನೆ ಹಿಡಿದುಕೊಂಡೇ ನಾವು ಚೌಕಿಪೇಟೆ ಕಡೆ ಹೆಜ್ಜೆ ಹಾಕಿದೆವು.

“ಹಾಕದೆ ಇದ್ರೆ ಹೆಂಗ್ರೀ?”

ನಾವು ಹೋದದ್ದು ಪರಿಚಯದ ಒಂದು ಜವಳಿ ಅಂಗಡಿಗೆ. ಹೆಸರು ಬೇಡ ಎಂದಿದ್ದಾರೆ, ಬೇಡ. ತಂದೆಯ ಕಾಲದಿಂದ ನಡೆದುಬಂದ ಅಂಗಡಿ. ಮೂರು ಜನ ಕೆಲಸದ ಹುಡುಗರು. ಹಬ್ಬದ ಮಾಲಿಗೆ ಬ್ಯಾಂಕಿನ ಸಾಲ.

“ಏನ್ರೀ ಸಾವ್ಕಾರ್ರೆ, ವ್ಯಾಪಾರ ಹೆಂಗೈತಿ?”

“ಏನ್ ಹೇಳೋದ್ರೀ, ಜನ ಬರ್ತಾರೆ, ಸೀರೆ ಬಿಚ್ಚಿಸ್ತಾರೆ, ಫೋನಿನಾಗೆ ರೇಟು ನೋಡ್ತಾರೆ, ಹೋಗ್ತಾರೆ.”

“ಜಾಹೀರಾತು ಮಾಡೀರೇನು?”

ಸಾವಕಾರರು ಬೆರಳು ಮಡಿಚುತ್ತಾ ಹೋದರು. ಹಳ್ಳಿ ಹಳ್ಳಿಗೆ ಆಟೋ ಮೈಕು. ಸರ್ಕಲ್ಲಿಗೊಂದು ಫ್ಲೆಕ್ಸ್. ಕೇಬಲ್ ಟಿವಿಯಲ್ಲಿ ಅಡಿಬರಹ. ಬೆಳಗಿನ ಪೇಪರಿನೊಳಗೆ ಕರಪತ್ರ. ಹೊಸ ವರ್ಷಕ್ಕೆ ಕ್ಯಾಲೆಂಡರು. ಈಗ ಎರಡು ವರ್ಷದಿಂದ ಮಗನ ಒತ್ತಾಯಕ್ಕೆ ಇನ್‌ಸ್ಟಾಗ್ರಾಮಿನ ರೀಲ್ಸು. ಕೊನೆಗೆ ನಮ್ಮ ಪತ್ರಿಕೆಯಲ್ಲಿ ಹಬ್ಬಕ್ಕೊಂದು ಕಾಲು ಪುಟ.

“ಇದರಲ್ಲಿ ಯಾವುದರಿಂದ ಗಿರಾಕಿ ಬಂದ್ರು?”

“ಅದು ಹೆಂಗೆ ಗೊತ್ತಾಗುತ್ರೀ? ಎಲ್ಲಾರೂ ಹಾಕ್ತಾರೆ, ನಾವೂ ಹಾಕ್ತೀವಿ. ಹಾಕದೆ ಇದ್ರೆ ಹೆಂಗ್ರೀ?”

ಓದುಗರೇ, ಇದು ಒಬ್ಬ ಸಾವಕಾರರ ಮಾತಲ್ಲ. ಮಂಡಿಪೇಟೆಯಿಂದ ಅಶೋಕ ರಸ್ತೆಯವರೆಗೆ ಯಾರನ್ನು ಕೇಳಿದರೂ ಉತ್ತರ ಹೆಚ್ಚುಕಡಿಮೆ ಇದೇ. ಮಾಲು ತರುವಾಗ ಒಂದು ಮೀಟರಿಗೆ ಎಂಟಾಣೆ ಹೆಚ್ಚಾದರೂ ಜಗಳವಾಡುವ ವ್ಯಾಪಾರಿ, ಜಾಹೀರಾತಿಗೆ ಬಂದಾಗ ಮಾತ್ರ ಹುಂಡಿಗೆ ಹಾಕಿದಂತೆ ಕಣ್ಣುಮುಚ್ಚಿ ಹಾಕುತ್ತಾನೆ.

ನಿಮ್ಮ ಲೆಕ್ಕ ಬೇರೆಯವರು ಓದಿದರು

ಲೆಕ್ಕವೇ ಇಲ್ಲ ಎಂದಲ್ಲ. ಲೆಕ್ಕ ಇದೆ, ಬೇಕಾದಷ್ಟಿದೆ. 2016ರಲ್ಲಿ ಯುಪಿಐ ಬಂತು. ಈಗ ಮಿರ್ಚಿ ಬಂಡಿಯಿಂದ ಹಿಡಿದು ಬಂಗಾರದ ಅಂಗಡಿಯವರೆಗೆ ಕ್ಯೂಆರ್ ಹಲಗೆ, ಪಕ್ಕದಲ್ಲಿ ಇಂತಿಷ್ಟು ರೂಪಾಯಿ ಬಂತು ಎಂದು ಕೂಗುವ ಪೆಟ್ಟಿಗೆ. ಆ ಪೆಟ್ಟಿಗೆ ಕೂಗಿ ಸುಮ್ಮನಾದರೂ ಹಿಂದೆ ದಾಖಲೆ ಉಳಿಯುತ್ತದೆ: ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಹಣ.

ಇದು ನಮ್ಮ ವ್ಯಾಪಾರಿಗಳಿಗೆ ಮನವರಿಕೆಯಾದದ್ದು 2025ರ ಜುಲೈ ತಿಂಗಳಿನಲ್ಲಿ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಜಮೆಯ ಲೆಕ್ಕ ತರಿಸಿಕೊಂಡು, 2021-22ರಿಂದ ಮುಂದಿನ ವರ್ಷಗಳಲ್ಲಿ ವಹಿವಾಟು ಮಿತಿ ಮೀರಿದೆ ಎಂದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದರು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ಅದರ ಆಧಾರ. ಎಷ್ಟೋ ಅಂಗಡಿಗಳ ಮುಂದೆ “ಯುಪಿಐ ಇಲ್ಲ, ನಗದು ಮಾತ್ರ” ಎಂಬ ಬೋರ್ಡು ಬಂತು. ಬಂದ್ ಮಾಡುತ್ತೇವೆ ಎಂಬ ಮಾತೂ ಎದ್ದಿತು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆದು ಮಾತನಾಡಿ, ಹಳೆಯ ಬಾಕಿ ಕೇಳುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು.

ತೆರಿಗೆಯ ಸರಿತಪ್ಪು ಅತ್ತ ಇರಲಿ. ನಮ್ಮ ಮಾತು ಬೇರೆ. ನಿಮ್ಮ ಅಂಗಡಿಯ ನಾಲ್ಕು ವರ್ಷದ ಜಮೆಯನ್ನು ಇಲಾಖೆಯವರು ಕೂತು ಓದಿದರು. ನೀವು ಒಂದು ದಿನವಾದರೂ ಓದಿದಿರಾ?

ಓದುವುದಕ್ಕೆ ಈಗ ದೊಡ್ಡ ದೊಡ್ಡ ಹೆಸರುಗಳಿವೆ. ಡೇಟಾ ಅನಲಿಟಿಕ್ಸ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ನಿಮ್ಮ ಅಜ್ಜ ಬರೆಯುತ್ತಿದ್ದ ಕಿರ್ದಿ ಪುಸ್ತಕವನ್ನು ತೆರೆದು, “ಇದು ಯಾಕೆ ಹೀಗಾಯಿತು?” ಎಂದು ಕೇಳುವುದೇ ಅದರ ತಿರುಳು. ಅಜ್ಜ ಬರೆದದ್ದು ಶಾಯಿಯಲ್ಲಿ, ಈಗ ಫೋನೇ ಬರೆಯುತ್ತದೆ. ಕೇಳುವ ಕೆಲಸ ಮಾತ್ರ ಆಗಲೂ ಈಗಲೂ ಯಜಮಾನನದೇ.

ಬಿರುಗಾಳಿಗೆ ಮುಂಚೆ ತಿಂಡಿ

ದೊಡ್ಡವರು ಹೇಗೆ ಕೇಳಿದರು ಎಂಬುದಕ್ಕೆ ಒಂದು ಕಥೆ. ಅಮೆರಿಕದಲ್ಲಿ ವಾಲ್‌ಮಾರ್ಟ್ ಎಂಬ ಭಾರೀ ಅಂಗಡಿ ಸಾಲು ಇದೆಯಷ್ಟೆ. 2004ರಲ್ಲಿ ಫ್ಲಾರಿಡಾ ಕಡೆಗೆ ಫ್ರಾನ್ಸಿಸ್ ಎಂಬ ಚಂಡಮಾರುತ ಬರುತ್ತಿತ್ತು. ಬಿರುಗಾಳಿ ಬಂದರೆ ಟಾರ್ಚು, ನೀರಿನ ಬಾಟಲಿ ಹೋಗುತ್ತದೆ ಎಂದು ಯಾರಿಗಾದರೂ ಗೊತ್ತು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಕೆಲವೇ ವಾರ ಹಿಂದೆ ಬಂದುಹೋಗಿದ್ದ ಚಾರ್ಲಿ ಎಂಬ ಚಂಡಮಾರುತದ ಮುಂಚಿನ ಬಿಲ್ಲುಗಳನ್ನು ತೆಗೆದು ನೋಡಿದರು. ಸ್ಟ್ರಾಬೆರಿ ಹೂರಣದ ಪಾಪ್‌ಟಾರ್ಟ್ ಎಂಬ ತಿಂಡಿ ಮಾಮೂಲಿಗಿಂತ ಏಳು ಪಟ್ಟು ಹೋಗಿತ್ತು! ಒಲೆ ಬೇಡ, ಕೆಡುವುದಿಲ್ಲ, ಮಕ್ಕಳು ತಿನ್ನುತ್ತವೆ. ಕಾರಣ ಆಮೇಲೆ ಹೊಳೆಯುತ್ತದೆ, ಮೊದಲು ಹೊಳೆಯುವುದಿಲ್ಲ. ಅದನ್ನೇ ಲಾರಿಗಟ್ಟಲೆ ಮುಂಚಿತವಾಗಿ ಕಳಿಸಿದರು.

ನಮಗೆ ಚಂಡಮಾರುತ ಇಲ್ಲ. ಆದರೆ ದುಗ್ಗಮ್ಮನ ಜಾತ್ರೆ ಇದೆ, ಶ್ರಾವಣ ಇದೆ, ಅಡಿಕೆ ಮಾರಿ ಚನ್ನಗಿರಿ ರೈತರ ಕೈಗೆ ಹಣ ಬರುವ ತಿಂಗಳಿದೆ. ಹೋದ ಸಲ ಆ ಹೊತ್ತಿನಲ್ಲಿ ನಿಮ್ಮ ಅಂಗಡಿಯಲ್ಲಿ ಯಾವ ಮಾಲು ಯಾರೂ ಎಣಿಸದಷ್ಟು ಹೋಯಿತು? ಬಿಲ್ ಪುಸ್ತಕ ಹೇಳುತ್ತದೆ.

ಇಲ್ಲೊಂದು ಹುಷಾರು ಬೇಕು. ದುಗ್ಗಮ್ಮನ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಜಾತ್ರೆಯ ವರ್ಷದ ವ್ಯಾಪಾರವನ್ನು ಜಾತ್ರೆಯಿಲ್ಲದ ವರ್ಷದೊಂದಿಗೆ ಹೋಲಿಸಿ, “ಈ ಸಲ ರೀಲ್ಸು ಹಾಕಿದ್ದಕ್ಕೇ ವ್ಯಾಪಾರ ಏರಿತು” ಎಂದರೆ ದೇವಿ ಮಾಡಿದ ಕೆಲಸಕ್ಕೆ ರೀಲ್ಸಿನವನಿಗೆ ಕೂಲಿ ಕೊಟ್ಟಂತೆ. ಹೋಲಿಸುವುದಾದರೆ ಜಾತ್ರೆ ವರ್ಷಕ್ಕೆ ಜಾತ್ರೆ ವರ್ಷ, ಮದುವೆ ತಿಂಗಳಿಗೆ ಮದುವೆ ತಿಂಗಳು.

ಮೆಟ್ಟಿಲ ಮೇಲಿನ ಕರಪತ್ರ

ಈಗ ಜಾಹೀರಾತಿನ ವಿಷಯಕ್ಕೆ ಬರೋಣ. ಇದರಲ್ಲಿ ದೊಡ್ಡ ದೊಡ್ಡ ಕಂಪನಿಗಳೇ ಮೋಸ ಹೋಗಿವೆ ಎಂದರೆ ನಂಬುತ್ತೀರಾ?

ಈಬೇ ಎಂಬ ಅಮೆರಿಕದ ಕಂಪನಿ ಇಂಟರ್‌ನೆಟ್ಟಿನಲ್ಲಿ ವ್ಯಾಪಾರ ನಡೆಸುತ್ತದೆ. ಜನ ಹುಡುಕುವ ಪೆಟ್ಟಿಗೆಯಲ್ಲಿ “ಈಬೇ” ಎಂದು ಒತ್ತಿದರೆ ಮೇಲ್ಗಡೆ ಕಂಪನಿಯ ಜಾಹೀರಾತು ಬರುತ್ತಿತ್ತು. ಅದನ್ನು ಒತ್ತಿದ ಪ್ರತಿಯೊಬ್ಬನಿಗೂ ಕಂಪನಿ ಹಣ ಕೊಡಬೇಕು. ಅದರ ಕೆಳಗೇ ಅದೇ ಕಂಪನಿಯ ಪುಕ್ಕಟೆ ಕೊಂಡಿಯೂ ಇರುತ್ತಿತ್ತು. ಟಾಮ್ ಬ್ಲೇಕ್, ಕ್ರಿಸ್ ನೋಸ್ಕೋ, ಸ್ಟೀವನ್ ಟಡೆಲಿಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2012ರಲ್ಲಿ ಒಂದು ಸರಳ ಕೆಲಸ ಮಾಡಿದರು. ಒಂದು ಹುಡುಕುವ ತಾಣದಲ್ಲಿ ಆ ಜಾಹೀರಾತನ್ನು ನಿಲ್ಲಿಸಿಯೇಬಿಟ್ಟರು!

ಏನಾಯಿತು? ಏನೂ ಆಗಲಿಲ್ಲ. ಜಾಹೀರಾತು ಒತ್ತುತ್ತಿದ್ದ ನೂರು ಜನರಲ್ಲಿ ಹೆಚ್ಚುಕಡಿಮೆ ನೂರೂ ಜನ, ಲೆಕ್ಕದಲ್ಲಿ ಶೇಕಡಾ 99.5, ಕೆಳಗಿನ ಪುಕ್ಕಟೆ ಕೊಂಡಿ ಒತ್ತಿ ಬಂದರು.

ಆಮೇಲೆ ಬೇರೆ ಬೇರೆ ಸಾಮಾನುಗಳ ಹೆಸರಿನ ಜಾಹೀರಾತನ್ನೂ ಅಮೆರಿಕದ ಕೆಲವು ಪ್ರಾಂತಗಳಲ್ಲಿ ಚೀಟಿ ಎತ್ತಿದಂತೆ ಆಯ್ದು ನಿಲ್ಲಿಸಿದರು, ಉಳಿದ ಕಡೆ ಬಿಟ್ಟರು. ಎರಡೂ ಕಡೆಯ ಮಾರಾಟ ಹೋಲಿಸಿದರೆ ವ್ಯತ್ಯಾಸ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಬರೀ ಮೇಲ್ನೋಟದ ಲೆಕ್ಕ ಹಾಕಿದ್ದರೆ ಜಾಹೀರಾತಿಗೆ ಹಾಕಿದ ಹಣಕ್ಕೆ 41 ಪಟ್ಟು ಲಾಭ ಬಂದಂತೆ ಕಾಣುತ್ತಿತ್ತು. ಪರೀಕ್ಷೆ ಮಾಡಿದ ಮೇಲೆ ನೋಡಿದರೆ ನೂರು ಡಾಲರಿಗೆ 63 ಡಾಲರ್ ಲುಕ್ಸಾನು! 2015ರಲ್ಲಿ ಇದು ವಿದ್ವತ್ ಪತ್ರಿಕೆಯಲ್ಲಿ ಅಚ್ಚಾಗಿ ಜಗತ್ತಿಗೆಲ್ಲ ಗೊತ್ತಾಯಿತು.

ಹೀಗೇಕೆ? ಒಂದು ಹೋಲಿಕೆ ಕೊಡುತ್ತೇವೆ. ನಿಮ್ಮ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಹುಡುಗನನ್ನು ನಿಲ್ಲಿಸಿ, ಒಳಗೆ ಬರುವವರಿಗೆಲ್ಲ ಕರಪತ್ರ ಕೊಡು ಎನ್ನಿ. ಸಂಜೆಗೆ ಆತ, “ಸಾವ್ಕಾರ್ರೇ, ಇವತ್ತು ಸೀರೆ ತಗೊಂಡ ಅರವತ್ತು ಜನರ ಕೈಯಲ್ಲೂ ನನ್ನ ಕರಪತ್ರವೇ ಇತ್ತು, ಕೂಲಿ ಜಾಸ್ತಿ ಮಾಡಿ” ಎಂದರೆ? ಬರುತ್ತಿದ್ದವರಿಗೇ ಕರಪತ್ರ ಕೊಟ್ಟು ತಾನೇ ಕರೆತಂದೆ ಎಂದಂತಾಯಿತು. ಈಬೇಯಲ್ಲೂ ಆದದ್ದು ಅದೇ. ಪದೇ ಪದೇ ಬರುವ ಹಳೆಯ ಗಿರಾಕಿಗಳ ಮೇಲೆ ಜಾಹೀರಾತಿನ ಹಣ ಹೋಗುತ್ತಿತ್ತು. ಹೊಸಬರ ಮೇಲೆ ಮಾತ್ರ ಜಾಹೀರಾತಿನ ಪ್ರಭಾವ ಸ್ವಲ್ಪ ಕಂಡಿತು. ಜಾಹೀರಾತು ಎಂದರೆ ನಮ್ಮನ್ನು ಅರಿಯದವನಿಗೆ ಹೇಳುವುದು ಎಂಬ ಹಳೇ ಮಾತನ್ನೇ ಲೆಕ್ಕವೂ ಹೇಳಿತು.

ಹರಿಹರಕ್ಕೆ ಮೈಕು, ಜಗಳೂರಿಗೆ ಇಲ್ಲ

“ಅವ್ರು ಅಮೆರಿಕದೋರು, ನಮ್ಗೆ ಇದೆಲ್ಲ ಎಲ್ಲಿ ಆಗುತ್ರೀ?” ಎಂದರು ಸಾವಕಾರರು. ಆಗುತ್ತದೆ. ಒಂದು ಪೆನ್ನು, ಒಂದು ನೋಟ್‌ಬುಕ್ ಸಾಕು. ಅಲ್ಲೇ ಕೂತು ಒಂದು ಉದಾಹರಣೆ ಹಾಕಿ ತೋರಿಸಿದೆವು. ಅಂಕಿಗಳು ಸುಲಭಕ್ಕೆಂದು ನಾವೇ ಇಟ್ಟುಕೊಂಡವು.

ಬಿಲ್ ಮಾಡುವ ಹುಡುಗ ಪ್ರತಿ ಗಿರಾಕಿಗೂ “ಯಾವೂರಿನಿಂದ ಬಂದ್ರಿ?” ಎಂದು ಕೇಳಿ ಊರಿನ ಮುಂದೆ ಗೀಟು ಎಳೆಯಲಿ. ಹದಿನೈದು ದಿನದಲ್ಲಿ ಹರಿಹರ ಕಡೆಯಿಂದ 40, ಜಗಳೂರು ಕಡೆಯಿಂದ 40 ಗಿರಾಕಿ ಬಂದರು ಎನ್ನಿ. ಮುಂದಿನ ಹದಿನೈದು ದಿನ ಹರಿಹರ ಕಡೆಗೆ ಮಾತ್ರ ಆಟೋ ಮೈಕು ಬಿಡಿ. ಖರ್ಚು 8,000 ರೂಪಾಯಿ. ಜಗಳೂರಿಗೆ ಬೇಡ.

ಹದಿನೈದು ದಿನ ಕಳೆಯಿತು. ಹರಿಹರದವರು 60 ಆದರು. ಸಾವಕಾರರ ಮುಖ ಅರಳಿತು: “ಇಪ್ಪತ್ತು ಗಿರಾಕಿ ಜಾಸ್ತಿ! ತಲೆಗೆ ಎರಡು ಸಾವಿರ ಅಂದ್ರೂ 40 ಸಾವಿರ ವ್ಯಾಪಾರ. ಎಂಟು ಸಾವಿರಕ್ಕೆ ಐದು ಪಟ್ಟು ಬಂತಲ್ರೀ!”

ತಡೆಯಿರಿ ಸ್ವಾಮಿ. ಮೊದಲನೆಯದಾಗಿ, 40 ಸಾವಿರ ಎಂಬುದು ವ್ಯಾಪಾರ, ಲಾಭವಲ್ಲ. ನೂರಕ್ಕೆ ಇಪ್ಪತ್ತು ಉಳಿಯುತ್ತದೆ ಎಂದುಕೊಂಡರೆ ಕೈಗೆ ಬಂದದ್ದು 8,000. ಮೈಕಿಗೆ ಕೊಟ್ಟಷ್ಟೇ ಬಂತು. ಎರಡನೆಯದಾಗಿ, ಜಗಳೂರಿನ ಗೀಟು ಎಣಿಸಿ. ಮೈಕು ಹೋಗದಿದ್ದರೂ ಅಲ್ಲಿಯವರು 55 ಆಗಿದ್ದಾರೆ! ಯಾಕೆಂದರೆ ಮದುವೆ ಸೀಜನ್ನು ಶುರುವಾಗಿದೆ. ಅಂದರೆ ಹದಿನೈದು ಗಿರಾಕಿ ಮೈಕಿಲ್ಲದೆಯೂ ಬರುವವರೇ. ಮೈಕು ಕರೆತಂದದ್ದು ಐದೇ ಜನರನ್ನು. ಐದು ಜನರ ವ್ಯಾಪಾರ 10,000, ಲಾಭ 2,000. ಹಾಕಿದ್ದು 8,000. ಆರು ಸಾವಿರ ಗಾಳಿಗೆ ಹೋಯಿತು.

ಸಾವಕಾರರು ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು. “ಹಂಗಾದ್ರೆ ಮೈಕು ದಂಡಾನಾ?”

ಒಂದೇ ಸಲ ನೋಡಿ ಹಾಗೆ ಹೇಳಬಾರದು. ಐದು ಜನ ಎಂಬುದು ಸಣ್ಣ ಸಂಖ್ಯೆ, ಒಂದು ಮನೆಯ ಮದುವೆ ಜವಳಿ ಬಂದರೂ ಏರುಪೇರಾಗುತ್ತದೆ. ಮುಂದಿನ ಸಲ ಅದಲುಬದಲು ಮಾಡಿ, ಮೈಕು ಜಗಳೂರಿಗೆ ಹೋಗಲಿ, ಹರಿಹರ ಸುಮ್ಮನಿರಲಿ. ಎರಡು ಮೂರು ಸಲ ಅದೇ ಕಥೆಯಾದರೆ ಆಗ ತೀರ್ಮಾನ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೈಕು, ರೀಲ್ಸು, ರಿಯಾಯಿತಿ ಮೂರನ್ನೂ ಒಟ್ಟಿಗೆ ಹಾಕಿದರೆ ಯಾವುದರಿಂದ ಏನಾಯಿತು ಎಂದು ಬ್ರಹ್ಮನಿಗೂ ತಿಳಿಯದು.

ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ವಿದ್ಯೆಯೂ ಅಲ್ಲ. ಕ್ಲಾಡ್ ಹಾಪ್ಕಿನ್ಸ್ ಎಂಬ ಅಮೆರಿಕದ ಜಾಹೀರಾತುಗಾರ 1923ರಲ್ಲೇ ಇದರ ಬಗ್ಗೆ ಪುಸ್ತಕ ಬರೆದ. ಜಾಹೀರಾತಿನ ಮೂಲೆಯಲ್ಲಿ ಕತ್ತರಿಸಿ ಕಳಿಸುವ ಕೂಪನ್, ಒಂದೊಂದು ಜಾಹೀರಾತಿಗೆ ಒಂದೊಂದು ಗುರುತು. ತಿರುಗಿ ಬಂದ ಕೂಪನ್ ಎಣಿಸಿದರೆ ಯಾವುದು ದುಡಿಯಿತು, ಯಾವುದು ಮಲಗಿತು ಎಂದು ಗೊತ್ತಾಗುತ್ತಿತ್ತು.

ಲೆಕ್ಕಕ್ಕೆ ಸಿಗದ ಗಿರಾಕಿ

ಹಾಗೆಂದು ಲೆಕ್ಕವೇ ದೇವರಲ್ಲ. ಗಲ್ಲಾ ಪೆಟ್ಟಿಗೆಗೂ ಕ್ಯೂಆರ್‌ಗೂ ಗೊತ್ತಿರುವುದು ಕೊಂಡವರ ಸಂಗತಿ ಮಾತ್ರ. ಬಂದು, ಕೇಳಿ, “ಇಲ್ಲ” ಎನ್ನಿಸಿಕೊಂಡು ಹೋದವನ ದಾಖಲೆ ಎಲ್ಲಿದೆ? ಅವನೇ ನಾಳೆ ಪಕ್ಕದ ಅಂಗಡಿಯ ಖಾಯಂ ಗಿರಾಕಿ. ಅದಕ್ಕೆ ಎರಡನೆಯ ನೋಟ್‌ಬುಕ್ ಬೇಕು. “ಇಲ್ಲ” ಎಂದು ಹೇಳಿದ ಪ್ರತಿ ಸಾಮಾನಿನ ಹೆಸರನ್ನೂ ಅದರಲ್ಲಿ ಬರೆಯಬೇಕು. ತಿಂಗಳ ಕೊನೆಗೆ ಯಾವುದು ಹತ್ತು ಸಲ ಬರೆದಿದೆಯೋ ಅದನ್ನು ತರಿಸಬೇಕು. ಕೆಲವು ಸಲ ಜಾಹೀರಾತಿಗೆ ಹಾಕುವ ಹಣ ಆ ಮಾಲಿಗೆ ಹಾಕಿದರೇ ಹೆಚ್ಚು ದುಡಿಯುತ್ತದೆ.

ಹಾಗೆಯೇ ಕ್ಯೂಆರ್ ಲೆಕ್ಕವೊಂದನ್ನೇ ನಂಬಿ, ಮಧ್ಯಾಹ್ನ ಜಮೆ ಕಡಿಮೆ ಎಂದು ಬಾಗಿಲು ಹಾಕಿಕೊಂಡು ಹೋದೀರಿ ಜೋಕೆ. ಮಧ್ಯಾಹ್ನದ ಬಸ್ಸಿಗೆ ಹಳ್ಳಿಯಿಂದ ಬರುವ ಹಿರಿಯರು ಸೊಂಟದ ಚೀಲದಿಂದ ನೋಟು ತೆಗೆಯುವವರು. ಅವರು ಫೋನಿನಲ್ಲಿ ಕಾಣುವುದಿಲ್ಲ. ನಗದನ್ನೂ ಹೊತ್ತು ಹಾಕಿ ಬರೆದುಕೊಂಡರೆ ಮಾತ್ರ ಪೂರ್ತಿ ಚಿತ್ರ.

ಇನ್ನು ಬಸ್ಸಿನಲ್ಲಿ ಕೂತು ಇದನ್ನು ಓದುತ್ತಿರುವ ಗಿರಾಕಿ ಮಹಾಶಯರಿಗೂ ಒಂದು ಮಾತು. ಊರು ಕೇಳಿದರೆ ಹೇಳಿ, ತೊಂದರೆಯಿಲ್ಲ. ಆದರೆ ಫೋನ್ ನಂಬರ್ ಕೊಡದಿದ್ದರೆ ಬಿಲ್ಲೇ ಮಾಡುವುದಿಲ್ಲ ಎಂದರೆ ಒಪ್ಪಬೇಕಾಗಿಲ್ಲ. ಹಾಗೆ ಬಲವಂತ ಮಾಡಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯೇ 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ವ್ಯಾಪಾರಿಗೂ ಇದೇ ಮಾತು: ನಂಬರ್ ಕೊಟ್ಟವರಿಗೆ ದಿನಕ್ಕೆ ನಾಲ್ಕು ಮೆಸೇಜು ಹಾಕಿ ಪೀಡಿಸಿದರೆ ಇದ್ದ ಗಿರಾಕಿಯೂ ಹೋದಾನು.

ಕೊನೆಗೆ ನಮಗೇ ಬಂತು

ಹಬ್ಬದ ಮಾಲಿನ ಸಾಲಕ್ಕೆ ಬಡ್ಡಿ ಕಟ್ಟುವ ಅಂಗಡಿಗೆ ವರ್ಷಕ್ಕೆ ಐವತ್ತು ಸಾವಿರ ಉಳಿದರೆ ಅದು ಸಣ್ಣ ಮಾತಲ್ಲ. ಒಬ್ಬ ಹುಡುಗನ ಕೆಲವು ತಿಂಗಳ ಸಂಬಳ. ಆತನನ್ನು ಕೆಲಸದಿಂದ ಬಿಡಿಸಬೇಕೋ ಇಟ್ಟುಕೊಳ್ಳಬೇಕೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ದೀಪಾವಳಿಗೆ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುವ ಊರು ನಮ್ಮದು. ಪೂಜೆಯಾದ ಮೇಲೆ ಅದನ್ನು ತೆರೆದೂ ನೋಡಿರಿ ಎಂಬುದಷ್ಟೇ ನಮ್ಮ ವಿನಂತಿ.

ಸಾವಕಾರರು ಹುಡುಗನನ್ನು ಕರೆದು ಎರಡು ನೋಟ್‌ಬುಕ್ ತರಿಸಿದರು. ಒಂದರ ಮೇಲೆ “ಊರು”, ಇನ್ನೊಂದರ ಮೇಲೆ “ಇಲ್ಲ” ಎಂದು ದಪ್ಪಕ್ಷರದಲ್ಲಿ ಬರೆಸಿದರು. ನಮಗೂ ಸಂತೋಷವಾಯಿತು, ಚಹಾ ತರಿಸಿದರು.

ಅರ್ಧ ಕಪ್ಪು ಚಹಾ ಆಗಿತ್ತು. ಸಾವಕಾರರು ಮೆಲ್ಲಗೆ ಕೇಳಿದರು: “ಒಂದೊಂದನ್ನೇ ನಿಲ್ಸಿ ನೋಡ್ಬೇಕು ಅಂದ್ರಿ, ಅಲ್ವೇನ್ರೀ?”

“ಹೌದು, ಮತ್ತೆ.”

“ಹಂಗಾದ್ರೆ ಮೊದ್ಲು ನಿಮ್ ಪೇಪರಿಂದ್ಲೇ ಶುರು ಮಾಡ್ತೀನಿ. ಈ ತಿಂಗ್ಳು ಕಾಲು ಪುಟ ಬ್ಯಾಡ.”

ಉಳಿದ ಅರ್ಧ ಕಪ್ಪು ಚಹಾ ಸ್ವಲ್ಪ ಕಹಿಯಾಗಿತ್ತು. ಆದರೂ ಹೇಳಿದ ಮಾತಿಗೆ ತಪ್ಪಬಾರದಲ್ಲ. “ಆಗ್ಲಿ, ಮುಂದಿನ ತಿಂಗ್ಳು ಹಾಕಿ, ಒಂದು ಕೂಪನ್ ಇಟ್ಟು ಹಾಕಿ, ಎಷ್ಟು ಕೂಪನ್ ಬಂತು ಎಣಿಸಿ ಹೇಳಿ” ಎಂದು ಎದ್ದು ಬಂದೆವು. ಲೆಕ್ಕ ಏನೇ ಬರಲಿ, ಇದೇ ಅಂಕಣದಲ್ಲಿ ಅಚ್ಚು ಹಾಕುತ್ತೇವೆ.